ಡ್ರೈವರಿಲ್ಲದ ಕಾರ್ಡು

ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದವರಿಗೆ ‘ಡ್ರೈವರ್’ ಎಂಬ ಶಬ್ದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಹುಕ್ಕೇರಿ ತಾಲೂಕಿನ ಹತ್ತರಗಿಯಂತೂ ತನ್ನ ಟೋಲ್ ನಾಕಾದಿಂದಲೇ ದೂರದವರಿಗೆ ಪರಿಚಿತವಾದ ಊರು. ಹಗಲೆನ್ನದೆ ಇರುಳೆನ್ನದೆ ಸರಕಿನ ಲಾರಿಗಳು ಅಲ್ಲಿ ಸಾಲುಗಟ್ಟುತ್ತವೆ. ಕಬ್ಬಿನ ಹಂಗಾಮು ಬಂದಿತೆಂದರೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನೆಳೆಯುತ್ತ ಸಕ್ಕರೆ ಕಾರಖಾನೆಗಳ ದಾರಿ ಹಿಡಿಯುತ್ತವೆ. ಎತ್ತು ಎಷ್ಟೇ ಬಲವಾಗಿರಲಿ, ಎಂಜಿನ್ ಎಷ್ಟೇ ಹೊಸದಿರಲಿ, ಮೇಲೆ ಕುಳಿತವನಿಗೆ ಅದರ ಮರ್ಮ ತಿಳಿಯದಿದ್ದರೆ ಬಂಡಿ ಹೊಲದ ಬದುವನ್ನು ದಾಟುವುದಿಲ್ಲವೆಂಬುದು ಅಲ್ಲಿಯ ಎಳೆಯರಿಗೂ ಗೊತ್ತು. ಆದರೆ ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಜಾಲದ ಕಾರ್ಡಿಗೂ ಡ್ರೈವರು ಬೇಕು, ಆತ ಸಿಗದಿದ್ದರೆ ಮನೆಯ ಮಗಳ ನೌಕರಿಗೇ ಸಂಚಕಾರ ಬಂದೀತು ಎಂದು ಯಾರಾದರೂ ಹೇಳಿದ್ದರೆ ಊರ ಹಿರಿಯರು ನಕ್ಕುಬಿಡುತ್ತಿದ್ದರು. ೨೦೨೦ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಆ ಊರಿನ ಒಂದು ಮನೆಯಲ್ಲಿ ಮಾತ್ರ ನಗುವ ಪರಿಸ್ಥಿತಿ ಇರಲಿಲ್ಲ.

ಆ ಮನೆಯ ಯಜಮಾನರು ಪ್ರೌಢಶಾಲೆಯಲ್ಲಿ ಮೂವತ್ತು ವರುಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮಾಸ್ತರರು. ಅವರ ಒಬ್ಬಳೇ ಮಗಳು ಬಿ.ಸಿ.ಎ. ಮುಗಿಸಿ ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ ಸೇರಿ ನಾಲ್ಕು ತಿಂಗಳಾಗಿತ್ತು. ನೌಕರಿ ಖಾಯಮಾಗಲು ಇನ್ನೆರಡು ತಿಂಗಳು ಉಳಿದಿತ್ತು. ಯುಗಾದಿಗೆಂದು ನಾಲ್ಕು ದಿನದ ರಜೆ ಪಡೆದು ಊರಿಗೆ ಬಂದಳು. ಕಚೇರಿಯ ಕಂಪ್ಯೂಟರು ಕಚೇರಿಯ ಮೇಜಿನ ಮೇಲೆಯೇ ಉಳಿಯಿತು. ಆ ವರ್ಷದ ಯುಗಾದಿ ಮಾರ್ಚ್ ೨೫, ಬುಧವಾರ. ಹಿಂದಿನ ರಾತ್ರಿಯೇ ದೇಶವ್ಯಾಪಿ ಲಾಕ್‌ಡೌನಿನ ಘೋಷಣೆಯಾಗಿತ್ತು. ಬೇವುಬೆಲ್ಲ ತಿನ್ನುವ ಹೊತ್ತಿಗೆ ಬಸ್ಸುಗಳಿರಲಿಲ್ಲ, ರೈಲುಗಳಿರಲಿಲ್ಲ, ಸಂಕೇಶ್ವರದಲ್ಲಾಗಲಿ ಬೆಳಗಾವಿಯಲ್ಲಾಗಲಿ ತೆರೆದ ಕಂಪ್ಯೂಟರ್ ಅಂಗಡಿಯೂ ಇರಲಿಲ್ಲ. ಗುರುವಾರ ಕಂಪನಿಯಿಂದ ಸಂದೇಶ ಬಂದಿತು: ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಮನೆಯಿಂದಲೇ ಹಾಜರಾಗತಕ್ಕದ್ದು, ಹಾಜರಾಗಲಾರದ ಹೊಸಬರನ್ನು ಪಗಾರವಿಲ್ಲದ ರಜೆಯ ಮೇಲೆ ಇಡಲಾಗುವುದು. ಓದಿಗಾಗಿ ಬ್ಯಾಂಕಿನಿಂದ ತಂದ ಸಾಲದ ಕಂತು ಹರಿಯುತ್ತಿದ್ದುದು ಅದೇ ಪಗಾರದಿಂದ. ತಂದೆಯ ಪೆನ್ಶನ್ನಿಗೆ ಕೈಯೊಡ್ಡಬಾರದೆಂದು ಆಕೆ ಮೊದಲ ದಿನವೇ ನಿಶ್ಚಯಿಸಿಕೊಂಡಿದ್ದಳು.

ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರು ಇತ್ತು. ಹತ್ತು ವರುಷದ ಹಿಂದಿನದು; ಮಾಸ್ತರರು ಅದರಲ್ಲಿ ಪ್ರಶ್ನಪತ್ರಿಕೆಗಳನ್ನು ಸಿದ್ಧಪಡಿಸುತ್ತಿದ್ದರು. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ನಡೆದ ತರಬೇತಿಯಲ್ಲಿ ಉಬುಂಟು ಎಂಬ ಲಿನಕ್ಸನ್ನು ಕಲಿತು, ಕನ್ನಡ ಟೈಪು ಸುಲಭವೆಂದೂ ಕಾಸು ಕೊಡಬೇಕಿಲ್ಲವೆಂದೂ ಮೆಚ್ಚಿ, ಮನೆಯ ಯಂತ್ರಕ್ಕೂ ಅದನ್ನೇ ಹಾಕಿಸಿದ್ದರು. ಅಂತರ್ಜಾಲದ ಗೊಡವೆ ಆ ಯಂತ್ರಕ್ಕೆ ಎಂದೂ ಇರಲಿಲ್ಲ. ಮಗಳ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಮಾಳಿಗೆಯ ಕಿಟಕಿಯಲ್ಲಿ ಮಾತ್ರ. ಮಾಳಿಗೆಯ ಮೇಲೆ ತಗಡಿನ ಛಾವಣಿ. ಮಾರ್ಚಿನ ಬಿಸಿಲಿಗೆ ಅಲ್ಲಿ ಜೋಳದ ಚೀಲಗಳು ಇರಬಹುದೇ ಹೊರತು ಮನುಷ್ಯರಾಗಲಿ ಯಂತ್ರಗಳಾಗಲಿ ದಿನವಿಡೀ ಇರುವಂತಿರಲಿಲ್ಲ. ಫೋನನ್ನು ಮೇಲೆ ಕಿಟಕಿಯಲ್ಲಿಟ್ಟು, ಅದು ಬಿತ್ತರಿಸುವ ವೈಫೈಯನ್ನು ಕೆಳಗಿನ ಕಂಪ್ಯೂಟರಿನಲ್ಲಿ ಹಿಡಿಯುವುದೊಂದೇ ಉಪಾಯ. ಅದಕ್ಕೆ ಬೇಕಾದ ಪುಟ್ಟ ಯು.ಎಸ್.ಬಿ. ಕಾರ್ಡು, ಯಾರೋ ಬಂಧುಗಳು ಎಂದೋ ಕೊಟ್ಟುಹೋದದ್ದು, ಪೆಟ್ಟಿಗೆ ಒಡೆಯದೆ ಕಪಾಟಿನಲ್ಲಿತ್ತು. ಪೆಟ್ಟಿಗೆಯ ಮೇಲೆ ಲಿನಕ್ಸಿಗೂ ನಡೆಯುತ್ತದೆಂದು ಅಚ್ಚಾಗಿತ್ತು. ಶುಕ್ರವಾರ ಅದನ್ನು ಚುಚ್ಚಿದರು. ನೀಲಿ ದೀಪ ಒಮ್ಮೆ ಮಿನುಗಿತು. ಮುಂದೆ ಏನೂ ಆಗಲಿಲ್ಲ.

“ಡ್ರೈವರ್ ಇಲ್ಲಂತ, ಅಪ್ಪಾ” ಎಂದಳು ಮಗಳು.

ಹೊರಸಿನ ಮೇಲೆ ಕುಳಿತಿದ್ದ ಆಯಿ, ಮಾಸ್ತರರ ತಾಯಿ, ಈ ಮಾತನ್ನು ಕೇಳಿಸಿಕೊಂಡರು. ಟೋಲ್ ವಸೂಲಿಯೂ ನಿಂತುಹೋಗಿ, ಹೆದ್ದಾರಿಯ ಬದಿಯಲ್ಲಿ ಲಾರಿಗಳು ತಟಸ್ಥವಾಗಿ ನಿಂತಿದ್ದ ದಿನಗಳವು. “ಡ್ರೈವರ್ ಸಿಗವಲ್ರೇನ? ರಸ್ತೆದಾಗ ಮಂದಿಗೆ ಮಂದೀನ ಖಾಲಿ ಕುಂತಾರಲ್ಲೋ. ಒಬ್ಬಾಂವನ್ನ ಕರಕೊಂಡ ಬಾ. ಅವಗೂ ಎರಡ ರೊಟ್ಟಿ ಆಗ್ತಾವು” ಎಂದರು.

ಆಯಿಯ ಸಲಹೆ ತೀರ ಅಸಂಗತವೆಂದು ತಿಳಿಯಬೇಕಾಗಿಲ್ಲ. ಕಂಪ್ಯೂಟರಿನ ಡ್ರೈವರು ಒಬ್ಬ ವ್ಯಕ್ತಿಯಲ್ಲವಾದರೂ ವ್ಯಕ್ತಿಯೊಬ್ಬನ ತಿಳಿವಳಿಕೆ ಹೌದು. ಕಂಪ್ಯೂಟರಿನ ಕಾರಭಾರ ನಡೆಸುವ ತಿರುಳಿಗೆ ಕರ್ನೆಲ್ ಎಂದು ಹೆಸರು. ಜಗತ್ತಿನಲ್ಲಿ ತಯಾರಾಗುವ ಸಾವಿರಾರು ಬಗೆಯ ಕಾರ್ಡುಗಳ ಗುಟ್ಟು ಅದಕ್ಕೆ ತಾನಾಗಿ ತಿಳಿಯದು. ಈ ಚಿಪ್ಪನ್ನು ಎಬ್ಬಿಸುವುದು ಹೇಗೆ, ಕಳಿಸಬೇಕಾದ ಸುದ್ದಿಯ ಗಂಟನ್ನು ಎಲ್ಲಿ ಇಡಬೇಕು, ಬಂದ ಗಂಟನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದನ್ನೆಲ್ಲ ಬಲ್ಲವರೊಬ್ಬರು ಬರೆದಿಟ್ಟ ಕ್ರಮವಿಧಿಯೇ ಡ್ರೈವರು. ಕಾರ್ಡು ಮಾಡಿದವರು ಅದನ್ನು ಬರೆದುಕೊಟ್ಟರೆ ಸರಿ. ಬರೆಯದಿದ್ದರೆ, ಅಥವಾ ಒಂದೇ ವ್ಯವಸ್ಥೆಗೆ ಬರೆದು ಕೈಬಿಟ್ಟರೆ, ಉಳಿದವರ ಪಾಡು ಆ ಮನೆಯ ಪಾಡು.

ಲಿನಕ್ಸಿನ ವಂಶಾವಳಿಯನ್ನೂ ಇಲ್ಲಿ ಹೇಳಿಬಿಡಬಹುದು. ಅದು ಹುಟ್ಟಿದ್ದು ೧೯೯೧ರಲ್ಲಿ, ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯ ಕೈಯಲ್ಲಿ. ಆದರೆ ಅದರ ನಡೆನುಡಿಯೆಲ್ಲ ಯುನಿಕ್ಸಿನದು. ಯುನಿಕ್ಸನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಕಟ್ಟತೊಡಗಿದ್ದು ೧೯೬೯ರಲ್ಲಿ. ಅದೇ ೧೯೬೯ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನೋಂದಣಿಯಾಯಿತು. ಬೇರೆ ತಾಲೂಕುಗಳಿಗೆ ಸರ್ಕಾರದ ಕಂಪನಿಗಳು ವಿದ್ಯುತ್ತು ಹಂಚಿದರೆ ಈ ತಾಲೂಕಿಗೆ ಇಲ್ಲಿಯ ಸದಸ್ಯರದೇ ಸಂಘ ಹಂಚುತ್ತದೆ. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ತಮ್ಮ ಊರಿಗೆ ತಾವೇ ತಂತಿ ಎಳೆದುಕೊಂಡವರ ನಾಡಿನಲ್ಲಿ, ತಮ್ಮ ಡ್ರೈವರನ್ನು ತಾವೇ ಬರೆದುಕೊಳ್ಳುವವರ ಪದ್ಧತಿ ಅಪರಿಚಿತವೆನಿಸಬೇಕಾಗಿಲ್ಲ.

ಮಾಸ್ತರರಿಗೆ ಡ್ರೈವರಿನ ಶಾಸ್ತ್ರ ತಿಳಿಯದು. ಬಾವಿಯ ಪಂಪು ಕೆಟ್ಟಾಗ ಏನು ಮಾಡಬೇಕೆಂಬುದು ಚೆನ್ನಾಗಿ ತಿಳಿಯುವುದು. ಮೋಟಾರು ನಿಂತಿತೆಂದ ಕೂಡಲೆ ಅದನ್ನು ಬಿಚ್ಚಿ ಹಾಕುವವನು ಹೆಡ್ಡ. ಕರೆಂಟು ಬಂದಿದೆಯೇ? ಫ್ಯೂಜು ನೆಟ್ಟಗಿದೆಯೇ? ಸ್ಟಾರ್ಟರು ಹಿಡಿಯುತ್ತದೆಯೇ? ಮೋಟಾರು ತಿರುಗಿಯೂ ನೀರು ಬಾರದಿದ್ದರೆ ಫುಟ್‌ವಾಲ್ವಿನಲ್ಲಿ ಕಸ ಕೂತಿದೆಯೇ? ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಒಂದಕ್ಕೆ ಉತ್ತರ ಸಿಗದೆ ಇನ್ನೊಂದಕ್ಕೆ ಹೋಗಬಾರದು. ಮಗಳಾದರೋ ಫೋನಿನಲ್ಲಿ ಕಂಡ ಕಂಡ ಸಲಹೆಗಳನ್ನೆಲ್ಲ ಒಂದರ ಮೇಲೊಂದು ಪ್ರಯೋಗಿಸಿ, ಶುಕ್ರವಾರ ರಾತ್ರಿಯೊಳಗೆ, ಯಾವುದನ್ನು ಮಾಡಿದೆ ಯಾವುದನ್ನು ಬಿಟ್ಟೆ ಎಂಬುದೇ ಮರೆಯುವ ಸ್ಥಿತಿಗೆ ಬಂದಿದ್ದಳು. ಕಣ್ಣಂಚಿನಲ್ಲಿ ನೀರು ನಿಂತಿತ್ತು. ಮಾಸ್ತರರು ಹಳೆಯ ಹಾಜರಿ ಪುಸ್ತಕವೊಂದನ್ನು ತಂದು ಮುಂದಿಟ್ಟರು. ಮಾಡಿದ್ದನ್ನೆಲ್ಲ ಅದರಲ್ಲಿ ಬರೆಯತಕ್ಕದ್ದು. ಬರೆಯದೆ ಹೊಸದನ್ನು ಮಾಡತಕ್ಕದ್ದಲ್ಲ.

ಶನಿವಾರ ಬೆಳಿಗ್ಗೆ ಮೊದಲ ಸುಳಿವು ಹತ್ತಿದ್ದು ಅವರಿಗೇ. ಪರದೆಯ ಮೂಲೆಯಲ್ಲಿ ಒಂದು ಸಿ.ಡಿ.ಯ ಚಿತ್ರ ಮೂಡಿತ್ತು.

“ಈ ಸಿ.ಡಿ. ಎಲ್ಲಿಂದ ಬಂತವಾ? ನಾವು ಒಳಗ ಹಾಕೇ ಇಲ್ಲಲ್ಲ.”

“ಅದ ಮೊದಲಿಂದನೂ ಇರಬೇಕ ಬಿಡಪ್ಪಾ.”

“ಮೊದಲ ಇದ್ದಿಲ್ಲ. ಹತ್ತ ವರ್ಷದಿಂದ ನೋಡೇನಿ.”

ಕಾರ್ಡನ್ನು ತೆಗೆದರೆ ಸಿ.ಡಿ. ಮಾಯವಾಗುತ್ತಿತ್ತು, ಹಾಕಿದರೆ ಪ್ರತ್ಯಕ್ಷವಾಗುತ್ತಿತ್ತು. ಯುನಿಕ್ಸ್ ಪರಂಪರೆಯ ಒಂದು ದೊಡ್ಡ ಗುಣವೆಂದರೆ ಅದು ತನಗೆ ಕಂಡದ್ದನ್ನು ಮುಚ್ಚಿಡುವುದಿಲ್ಲ. ಕರ್ನೆಲ್ಲು ಕ್ಷಣಕ್ಷಣಕ್ಕೂ ದಿನಚರಿ ಬರೆಯುತ್ತದೆ. ‘ಡಿಮೆಸ್ಜ್’ ಎಂಬ ಆಜ್ಞೆ ಕೊಟ್ಟರೆ ಅದನ್ನು ಓದಬಹುದು. ಮಗಳು ಓದಿದಳು. ಬಂದು ಸೇರಿದ ಸಾಧನವು ತನ್ನನ್ನು ಜಾಲದ ಕಾರ್ಡೆಂದು ಹೇಳಿಕೊಂಡಿರಲೇ ಇಲ್ಲ, ಸಿ.ಡಿ. ಡ್ರೈವ್ ಎಂದು ಹೇಳಿಕೊಂಡಿತ್ತು! ಇದು ಯಂತ್ರದ ಕುಚೇಷ್ಟೆಯಲ್ಲ, ತಯಾರಕರ ಜಾಣತನ. ಇಂಥ ಕಾರ್ಡಿನ ಹೊಟ್ಟೆಯೊಳಗೇ ವಿಂಡೋಸಿನ ಡ್ರೈವರನ್ನು ತುಂಬಿಟ್ಟಿರುತ್ತಾರೆ. ಚುಚ್ಚಿದೊಡನೆ ಅದು ಸಿ.ಡಿ.ಯ ವೇಷದಲ್ಲಿ ಬಂದು, ತನ್ನ ಡ್ರೈವರನ್ನು ತಾನೇ ಒಪ್ಪಿಸಿ, ಅನಂತರ ವೇಷ ಕಳಚಿ ವೈಫೈ ಕಾರ್ಡಾಗುತ್ತದೆ. ವಿಂಡೋಸಿನ ಮುಂದೆ ಈ ಆಟ ಸೊಗಸಾಗಿ ನಡೆಯುವುದು; ಲಿನಕ್ಸಿನ ಮುಂದೆ ಪಾತ್ರಧಾರಿ ವೇಷ ಕಳಚುವುದನ್ನೇ ಮರೆತು ರಂಗದ ಮೇಲೆ ನಿಂತುಬಿಡುತ್ತಾನೆ.

ಮಗಳು ಆ ಸಿ.ಡಿ.ಯನ್ನು ‘ಹೊರಹಾಕು’ ಎಂದು ಆಜ್ಞಾಪಿಸಿದಳು. ನೀಲಿ ದೀಪ ಆರಿ ಮತ್ತೆ ಹೊತ್ತಿತು. ದಿನಚರಿಯಲ್ಲಿ ಹೊಸ ಸಾಲು ಬಂದಿತು. ಮೊದಲು ‘೧ಎ೨ಬಿ’ ಎಂದಿದ್ದ ಗುರುತಿನ ಸಂಖ್ಯೆ ಈಗ ‘ಸಿ೮೧೧’ ಆಗಿತ್ತು. ಪೆಟ್ಟಿಗೆಯ ಮೇಲಿನ ಹೆಸರು ಏನೇ ಇರಲಿ, ಒಳಗಿನ ಚಿಪ್ಪಿನ ನಿಜವಾದ ಜಾತಕ ಇದೇ ಸಂಖ್ಯೆ. ಒಂದೇ ಹೆಸರಿನ ಪೆಟ್ಟಿಗೆಯಲ್ಲಿ ಈ ವರುಷ ಒಂದು ಚಿಪ್ಪು, ಮುಂದಿನ ವರುಷ ಬೇರೊಂದು ಚಿಪ್ಪು ಇರುವುದು ಈ ವ್ಯಾಪಾರದಲ್ಲಿ ಸಾಮಾನ್ಯ ಸಂಗತಿ. ಆದ್ದರಿಂದ ಅಂಗಡಿಯವನ ಮಾತಿಗಿಂತ ಈ ನಾಲ್ಕು ಅಕ್ಷರಗಳನ್ನು ನಂಬುವುದೇ ಲೇಸು. ಮಾಳಿಗೆಯ ಕಿಟಕಿಗೆ ಹೋಗಿ ಫೋನಿನಲ್ಲಿ ಹುಡುಕಿದಾಗ ಉತ್ತರ ಸಿಕ್ಕಿತು: ತೈವಾನಿನ ರಿಯಲ್‌ಟೆಕ್ ಕಂಪನಿಯ ‘೮೮೨೧ ಸಿಯು’ ಕುಟುಂಬದ ಚಿಪ್ಪು. ಆ ಯಂತ್ರದಲ್ಲಿದ್ದ ಲಿನಕ್ಸಿನಲ್ಲಿ ಅದಕ್ಕೆ ಡ್ರೈವರು ಇರಲಿಲ್ಲ. ೨೦೨೦ರಲ್ಲಿ ಬಂದ ಯಾವ ಲಿನಕ್ಸಿನ ತಿರುಳಿನಲ್ಲಿಯೂ ಇರಲಿಲ್ಲ.

ಕಾರ್ಡು ಕೆಟ್ಟಿಲ್ಲವೆಂಬ ಸಂಗತಿಯೇ ಆ ಹೊತ್ತಿಗೆ ದೊಡ್ಡ ಸಮಾಧಾನವಾಯಿತು. ಇನ್ನೊಂದು ಸಮಾಧಾನವೂ ಇತ್ತು. ಅದೇ ಚಿಪ್ಪಿಗಾಗಿ ಕಂಪನಿಯ ಮೂಲದಿಂದ ಹೊರಬಂದಿದ್ದ ಡ್ರೈವರಿನ ಬರಹವನ್ನು ಯಾರೋ ಆಸಕ್ತರು ತಿದ್ದಿ, ಹೊಸ ಕರ್ನೆಲ್ಲುಗಳಿಗೆ ಹೊಂದಿಸಿ, ಬೇಕಾದವರು ಒಯ್ಯಲೆಂದು ಇಟ್ಟಿದ್ದರು. ಅವರಿಗೆ ಹತ್ತರಗಿ ಗೊತ್ತಿಲ್ಲ. ಹತ್ತರಗಿಗೆ ಅವರು ಗೊತ್ತಿಲ್ಲ.

ಹೀಗೆ ಪರರ ಕಾರ್ಡಿಗಾಗಿ ನಿದ್ದೆಗೆಟ್ಟವರ ಕಥೆ ಹಳೆಯದು. ೧೯೯೦ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದಲ್ಲಿದ್ದ ಡೊನಾಲ್ಡ್ ಬೆಕರ್ ಲಿನಕ್ಸಿಗೆ ಬರೆದ ಈಥರ್‌ನೆಟ್ ಡ್ರೈವರುಗಳ ಸಂಖ್ಯೆ ಸಣ್ಣದಲ್ಲ. ಅಗ್ಗದ ಕಂಪ್ಯೂಟರುಗಳನ್ನು ಜೋಡಿಸಿ ಮಹಾಗಣಕ ಮಾಡಿದ ಅಲ್ಲಿಯ ಪ್ರಯೋಗಕ್ಕೆ ಅವು ಆಧಾರವಾದವು. ಯುನಿಕ್ಸಿನ ಇನ್ನೊಂದು ಕವಲಾದ ಫ್ರೀಬಿಎಸ್‌ಡಿಗೆ ಬಿಲ್ ಪಾಲ್ ಎಂಬವರು ಹೀಗೆಯೇ ಡ್ರೈವರುಗಳನ್ನು ಒದಗಿಸಿದರು. ರಿಯಲ್‌ಟೆಕ್ಕಿನ ೮೧೩೯ ಎಂಬ ಅತ್ಯಗ್ಗದ ಚಿಪ್ಪಿಗೆ ಬರೆಯುವಾಗಲಂತೂ ಅದರ ಅಗ್ಗತನವನ್ನು ಟಿಪ್ಪಣಿಯಲ್ಲಿ ಮನಸಾರೆ ಬೈದು, ಡ್ರೈವರನ್ನು ಮಾತ್ರ ಅಚ್ಚುಕಟ್ಟಾಗಿ ಬರೆದಿಟ್ಟರು. ಬೈಗುಳ ಇಂದಿಗೂ ಓದಸಿಗುತ್ತದೆ.

ಬ್ರಾಡ್‌ಕಾಮ್ ಚಿಪ್ಪುಗಳ ಪ್ರಕರಣ ಇವೆಲ್ಲಕ್ಕಿಂತ ಸ್ವಾರಸ್ಯಕರ. ಅವುಗಳ ಒಳಗುಟ್ಟನ್ನು ಕಂಪನಿ ಬಿಟ್ಟುಕೊಡಲಿಲ್ಲ. ೨೦೦೫ರ ಸುಮಾರಿಗೆ ಸ್ವಯಂಸೇವಕರು ಎರಡು ತಂಡಗಳಾದರು. ಒಂದು ತಂಡ ಇದ್ದ ಡ್ರೈವರನ್ನು ಬಗೆದು ಪರೀಕ್ಷಿಸಿ, ಚಿಪ್ಪು ಹೇಗೆ ನಡೆಯುತ್ತದೆಂದು ಬರಿಯ ಮಾತುಗಳಲ್ಲಿ ವಿವರಿಸಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಎರಡನೆಯ ತಂಡ, ಆ ವಿವರಣೆಯೊಂದನ್ನೇ ಹಿಡಿದು ಹೊಸ ಡ್ರೈವರನ್ನು ಬರೆಯಿತು. ನಕಲು ಮಾಡಿದರೆಂಬ ಅಪವಾದ ಬಾರದಿರಲೆಂದು ಈ ಮಡಿ. ೨೦೧೦ರ ಸೆಪ್ಟೆಂಬರಿನಲ್ಲಿ ಆ ಕಂಪನಿಯೇ ತನ್ನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರನ್ನು ಹೊರತಂದಿತು.

ಇರಲಿ, ಹತ್ತರಗಿಗೆ ಮರಳೋಣ. ಡ್ರೈವರು ಇರುವ ಸ್ಥಳವೇನೋ ತಿಳಿಯಿತು. ಅದನ್ನು ತರಲು ಅಂತರ್ಜಾಲ ಬೇಕು. ಅಂತರ್ಜಾಲಕ್ಕೆ ಡ್ರೈವರು ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನೆನೆದು ಮಾಸ್ತರರು ನಕ್ಕರು. ಮೂರು ದಿನಗಳಲ್ಲಿ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ದಾರಿ ಇತ್ತು. ಫೋನನ್ನು ಅದರ ತಂತಿಯಿಂದಲೇ ಕಂಪ್ಯೂಟರಿಗೆ ಜೋಡಿಸಿದರೆ ಫೋನು ತಾನೇ ಒಂದು ಜಾಲದ ಕಾರ್ಡಾಗಿ ನಿಲ್ಲಬಲ್ಲದು. ಅದು ಹಾಗೆ ನಿಲ್ಲುವ ರೀತಿ ಬಹುಮಟ್ಟಿಗೆ ಎಲ್ಲ ಫೋನುಗಳಲ್ಲೂ ಒಂದೇ ಆದ್ದರಿಂದ ಆ ಡ್ರೈವರು ಲಿನಕ್ಸಿನಲ್ಲಿ ಮೊದಲೇ ಇರುತ್ತದೆ. ಆದರೆ ಫೋನಿಗೆ ಸಿಗ್ನಲ್ ಇರುವುದು ಮಾಳಿಗೆಯಲ್ಲಿ. ತಂತಿ ಇರುವುದು ಎರಡು ಮೊಳ. ಶನಿವಾರ ಸಂಜೆ ಬಿಸಿಲಿಳಿದ ಮೇಲೆ ಕಂಪ್ಯೂಟರಿನ ಡಬ್ಬಿ, ಪರದೆ, ಕೀಲಿಮಣೆಗಳೆಲ್ಲ ಏಣಿ ಹತ್ತಿದವು. ಮಾಸ್ತರರು ಮೇಲೆ ನಿಂತು ಎತ್ತಿಕೊಂಡರು, ಮಗಳು ಕೆಳಗಿನಿಂದ ಕೊಟ್ಟಳು. “ಹೌಡಗಿ ಎತ್ತಿದಂಗ ಎತ್ತಬ್ಯಾಡ್ರೋ, ಹಗರಕ” ಎಂದು ಆಯಿ ಎಚ್ಚರಿಸಿದರು. ಜೋಳದ ಚೀಲವೇ ಮೇಜಾಯಿತು. ಡ್ರೈವರಿನ ಬರಹವೂ, ಅದನ್ನು ಯಂತ್ರಭಾಷೆಗೆ ತಿರುಗಿಸುವ ಸಾಧನಗಳೂ, ಕರ್ನೆಲ್ಲಿನ ‘ಹೆಡರ್’ ಎಂಬ ಅಳತೆಯ ಕಡತಗಳೂ ನಿಧಾನವಾಗಿ ಇಳಿದವು. ಎಲ್ಲವನ್ನೂ ಮತ್ತೆ ಕೆಳಗಿಳಿಸಿ, ಊಟ ಮುಗಿಸಿ, ‘ಮೇಕ್’ ಎಂಬ ಆಜ್ಞೆ ಕೊಟ್ಟರೆ, ಬೇಕಾದ ಕಡತವಿಲ್ಲವೆಂದು ಯಂತ್ರ ಒಂದೇ ಸಾಲಿನಲ್ಲಿ ಕೈಯೆತ್ತಿತು.

ಆ ರಾತ್ರಿ ಮಗಳು ಮಾತಾಡಲಿಲ್ಲ. ನೌಕರಿ ಹೋದರೆ ಹೋಗಲಿ ಎನ್ನುವ ಮಾತು ತಂದೆಯ ನಾಲಿಗೆಯ ತುದಿಗೆ ಬಂದು ನಿಂತಿತು, ಆಡಲಿಲ್ಲ. ಆಡಿದ್ದರೆ ಆಕೆಗೆ ಅದು ಸಮಾಧಾನವಾಗಿ ಕೇಳಿಸುತ್ತಿರಲಿಲ್ಲ.

ಭಾನುವಾರ ಹಾಜರಿ ಪುಸ್ತಕವನ್ನು ಮೊದಲಿನಿಂದ ಓದಿದರು. ತಂದ ಹೆಡರುಗಳು ಉಬುಂಟುವಿನ ಇತ್ತೀಚಿನ ಕರ್ನೆಲ್ಲಿನ ಅಳತೆಯವು. ಎಂದೂ ಜಾಲ ಕಾಣದ ಆ ಯಂತ್ರದಲ್ಲಿ ಓಡುತ್ತಿದ್ದುದು ಎರಡು ವರುಷ ಹಳೆಯ ಕರ್ನೆಲ್ಲು. ಅಂಗಿ ಹೊಲಿಸಬೇಕಾದುದು ತಮ್ಮನಿಗೆ, ಸಿಂಪಿಗನಿಗೆ ಕೊಟ್ಟದ್ದು ಅಣ್ಣನ ಅಳತೆ. ‘ಯುನೇಮ್’ ಎಂಬ ಆಜ್ಞೆ ಕೊಟ್ಟರೆ ಓಡುತ್ತಿರುವ ಕರ್ನೆಲ್ಲಿನ ಪೂರ್ಣ ಸಂಖ್ಯೆ ತಿಳಿಯುತ್ತದೆ. ಮಗಳು ಅದನ್ನು ಚುಕ್ಕೆ ಗೆರೆಗಳ ಸಮೇತ ಬರೆದುಕೊಂಡಳು. ಸಂಜೆ ಮತ್ತೊಮ್ಮೆ ಏಣಿ, ಮತ್ತೊಮ್ಮೆ ಜೋಳದ ಚೀಲ. ಈ ಸಲ ಕೆಳಗಿಳಿಸುವ ಮುನ್ನ ಅಲ್ಲಿಯೇ ‘ಮೇಕ್’ ಕೊಟ್ಟರು. ಸಾಲುಗಳು ಒಂದರ ಹಿಂದೊಂದು ಹರಿದವು. ಹಳೆಯ ಯಂತ್ರ ಏದುಸಿರು ಬಿಡುತ್ತ ಬಹಳ ಹೊತ್ತು ದುಡಿಯಿತು. ಕೊನೆಗೆ ತಪ್ಪು ಎಂಬ ಶಬ್ದ ಕಾಣದೆ ಸಾಲು ನಿಂತಿತು. ಸಿ.ಡಿ.ಯ ವೇಷವನ್ನು ಯಂತ್ರವೇ ಪ್ರತಿಸಲ ಕಳಚಿಸುವಂತೆ ಒಂದು ಚಿಕ್ಕ ನಿಯಮವನ್ನೂ ಬರೆದದ್ದಾಯಿತು. ರಾತ್ರಿ ಹನ್ನೊಂದಕ್ಕೆ, ಕೆಳಗಿನ ಕೋಣೆಯಲ್ಲಿ, ವೈಫೈ ಪಟ್ಟಿ ತೆರೆದುಕೊಂಡಿತು. ಪಟ್ಟಿಯಲ್ಲಿ ಇದ್ದುದು ಒಂದೇ ಹೆಸರು, ಮಾಳಿಗೆಯ ಕಿಟಕಿಯಲ್ಲಿದ್ದ ಫೋನಿನದು.

“ಹತ್ತತೇನು?” ಎಂದರು ಮಾಸ್ತರರು.

“ಹತ್ತತಪ್ಪಾ.”

ಸೋಮವಾರ ಒಂಬತ್ತೂವರೆಗೆ ಆಕೆ ಹಾಜರಾದಳು. ಹಾಜರಿ ಕರೆಯುವಾಗ ಹಿಂದಿನಿಂದ ಹಿಟ್ಟಿನ ಗಿರಣಿಯ ಸದ್ದು ಕೇಳಿಸಿತೆಂದು ಯಾರೋ ನಕ್ಕರಂತೆ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಡ್ರೈವರು ಮತ್ತೆ ಕಾಣೆಯಾಯಿತು. ಜಾಲ ಸಿಕ್ಕ ಯಂತ್ರ ಇರುಳಲ್ಲಿ ತಾನಾಗಿ ಹೊಸ ಕರ್ನೆಲ್ಲನ್ನು ತರಿಸಿಕೊಂಡಿತ್ತು. ಹಳೆಯ ಅಳತೆಯ ಅಂಗಿ ಅದಕ್ಕೆ ಹಿಡಿಯಲಿಲ್ಲ. ಕರ್ನೆಲ್ಲು ಬದಲಾದಾಗಲೆಲ್ಲ ಡ್ರೈವರನ್ನು ಹೊಸದಾಗಿ ಹೊಲಿದುಕೊಡುವ ‘ಡಿಕೆಎಂಎಸ್’ ಎಂಬ ಏರ್ಪಾಡು ಇದೆ. ಅದನ್ನು ಮೊದಲೇ ಮಾಡಬೇಕಿತ್ತು; ಅಂದು ಮಾಡಿದರು. ಇಷ್ಟಾದರೂ ಪುಸ್ತಕ ಕೈಯಲ್ಲಿದ್ದುದರಿಂದ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮೇ ಮುಗಿಯುವುದರೊಳಗೆ ನೌಕರಿ ಖಾಯಮಾದ ಪತ್ರ ಬಂದಿತು, ಅದೇ ಕಾರ್ಡಿನ ಮುಖಾಂತರ.

ಆ ಚಿಪ್ಪಿನ ಡ್ರೈವರು ಲಿನಕ್ಸಿನ ತಿರುಳಿಗೇ ಸೇರಿದ್ದು ೨೦೨೩ರ ಫೆಬ್ರುವರಿಯಲ್ಲಿ ಹೊರಬಂದ ೬.೨ನೆಯ ಆವೃತ್ತಿಯಲ್ಲಿ. ಅದೇ ಕುಟುಂಬದ ಚಿಪ್ಪುಗಳಿಗೆ ಇದ್ದ ಡ್ರೈವರಿಗೆ ಯು.ಎಸ್.ಬಿ.ಯ ಕೈ ಜೋಡಿಸಿ ಈ ಕೆಲಸ ಮಾಡಿದವರು ಜರ್ಮನಿಯ ಸಾಶಾ ಹಾವರ್ ಎಂಬ ಎಂಜಿನಿಯರು. ೨೦೨೪ರ ಬೇಸಗೆಯಲ್ಲಿ ಮಾಸ್ತರರು ಹಳೆಯ ಯಂತ್ರಕ್ಕೆ ಹೊಸ ಉಬುಂಟುವನ್ನು ತಾವೇ ಹಾಕಿದರು. ಹಾಜರಿ ಪುಸ್ತಕವನ್ನು ಹುಡುಕಿ, ಧೂಳು ಕೊಡವಿ, ಕನ್ನಡಕ ಏರಿಸಿ, ಮೊದಲ ಪುಟವನ್ನು ತೆರೆದಿಟ್ಟುಕೊಂಡು ಕಾರ್ಡನ್ನು ಚುಚ್ಚಿದರು. ಸಿ.ಡಿ. ಕಾಣಿಸಲಿಲ್ಲ, ವೈಫೈ ಪಟ್ಟಿ ನೇರವಾಗಿ ತೆರೆದುಕೊಂಡಿತು. ಈಗ ಅದರಲ್ಲಿ ಓಣಿಯ ಆರೇಳು ಮನೆಗಳ ಹೆಸರುಗಳಿದ್ದವು. ಅವರು ಬೆಂಗಳೂರಿಗೆ ಫೋನು ಮಾಡಿ, “ಏನೂ ಮಾಡಲಿಲ್ಲವಾ, ತಾನ ಹತ್ತತು” ಎಂದರು. ಧ್ವನಿಯಲ್ಲಿ ಸಂತೋಷದ ಜತೆಗೆ ಕೊಂಚ ನಿರಾಶೆಯೂ ಇತ್ತೆಂದು ಮಗಳಿಗೆ ತೋರಿತು.